ಸಿಡಿಯದ ತೋಟೆಗಳು: ಒಂದು .22 ರೈಫಲ್‌ನ ಪ್ರಕರಣ ಅಧ್ಯಯನ

ಟೆಕ್ಸಾಸ್‌ನ ಆಸ್ಟಿನ್ ಬಳಿ ನೆಲೆಸಿರುವ, ಮೂಲತಃ ವಿರಾಜಪೇಟೆ ಕಡೆಯವರಾದ ಸ್ನೇಹಿತರೊಬ್ಬರು ತಮ್ಮ ರೂಗರ್ 10/22 ರೈಫಲನ್ನು (.22 ಇಂಚು ಅಳತೆಯ ಸಣ್ಣ ತೋಟೆ ಹಾರಿಸುವ ಬಂದೂಕು) ರಿಪೇರಿಗೆ ಕೊಡುವ ಹಂತಕ್ಕೆ ಬಂದಿದ್ದರು. ಹತ್ತು ತೋಟೆ ಹಿಡಿಯುವ ಮ್ಯಾಗಜೀನ್ ಒಂದು ಸಲ ಖಾಲಿಯಾಗುವಷ್ಟರಲ್ಲಿ ಒಮ್ಮೆಯಾದರೂ ಟ್ರಿಗರ್ ಒತ್ತಿದಾಗ ಬರೀ ‘ಟಕ್’ ಎಂಬ ಸದ್ದು ಬಂದು ಈಡು ಹಾರುತ್ತಿರಲಿಲ್ಲ. ಹಾರಿದ್ದರಲ್ಲೂ ಕೆಲವು ಸಲ ಖಾಲಿ ಚಿಪ್ಪು ಹೊರಗೆ ಬೀಳದೆ ಬೋಲ್ಟಿನ (ತೋಟೆಯ ಬೆನ್ನಿಗೆ ಹಿಂದೆಮುಂದೆ ಸರಿಯುವ ಲೋಹದ ತುಂಡಿನ) ಬಾಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ತೋಟೆಯನ್ನು ಜಜ್ಜುವ ಫೈರಿಂಗ್ ಪಿನ್, ಅದಕ್ಕೆ ಏಟಿನ ಬಲ ಕೊಡುವ ಹ್ಯಾಮರ್ ಸ್ಪ್ರಿಂಗ್, ಖಾಲಿ ಚಿಪ್ಪನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಮೂರನ್ನೂ ಬದಲಿಸಬೇಕೆಂದು ಅವರು ಬಿಡಿಭಾಗಗಳ ಪಟ್ಟಿಯನ್ನೂ ಮಾಡಿಕೊಂಡಿದ್ದರು. ಆ ಪಟ್ಟಿಯಲ್ಲಿ ಇಲ್ಲದಿದ್ದದ್ದು ತೋಟೆ ಮಾತ್ರ.

ಬಿಡಿಭಾಗಕ್ಕೆ ಹಣ ಸುರಿಯುವ ಮೊದಲು ತೋಟೆಯನ್ನೇ ಪರೀಕ್ಷಿಸೋಣ ಎಂದು ನಾನು ಸೂಚಿಸಿದೆ. ಮುಂದೆ ನಡೆದದ್ದರ ವಿವರ ಈ ಬರಹ. ಒಂದು ನಿರ್ದಿಷ್ಟ ರೈಫಲಿಗೆ ನಂಬಬಹುದಾದ ತೋಟೆಯನ್ನು ಬ್ರಾಂಡಿನ ಹೆಸರಾಗಲಿ ಬೆಲೆಯಾಗಲಿ ಆರಿಸಿಕೊಡಲಾರವು. ತೋಟೆ ಯಾವ ಬಗೆಯಲ್ಲಿ ಕೈಕೊಡುತ್ತಿದೆ ಎಂಬುದನ್ನು ಬಿಡಿಸಿ ನೋಡಿದಾಗಲೇ ಆಯ್ಕೆ ಸಾಧ್ಯ ಎಂಬುದು ನನ್ನ ವಾದ.

ಸ್ನೇಹಿತರು ಕೋವಿ ಹೊಸದಾಗಿ ಕಂಡವರಲ್ಲ. ಕೊಡವರಿಗೂ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಜಮೀನು ಹೊಂದಿದ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ನಡುವೆ ಬೆಳೆದವರು ಅವರು. ಆದರೆ ಅಲ್ಲಿಯ ಅನುಭವ ಇಲ್ಲಿ ಸ್ವಲ್ಪ ದಾರಿ ತಪ್ಪಿಸಿತೆಂದೇ ಹೇಳಬೇಕು. ತೆಂಗಿನಕಾಯಿ ಸ್ಪರ್ಧೆಯಲ್ಲಿ ಒಬ್ಬರಿಗೆ ಸಿಗುವುದು ಬೆರಳೆಣಿಕೆಯ ಈಡುಗಳು. ಆಸ್ಟಿನ್ ಹೊರವಲಯದ ಗುರಿ ಅಭ್ಯಾಸದ ರೇಂಜಿನಲ್ಲಿ ತಂದೆ ಮಗಳು ಸೇರಿ ಒಂದು ಮಧ್ಯಾಹ್ನಕ್ಕೆ ಇನ್ನೂರು ಮುನ್ನೂರು ತೋಟೆ ಮುಗಿಸುತ್ತಾರೆ. ಅಪರೂಪಕ್ಕೆ ಒಮ್ಮೆ ಕೈಕೊಡುವ ತೋಟೆ ಅಲ್ಲಿ ಕಣ್ಣಿಗೇ ಬೀಳದೆ ಹೋಗಬಹುದು, ಇಲ್ಲಿ ಅದೇ ತೋಟೆ ಇಡೀ ಮಧ್ಯಾಹ್ನವನ್ನು ಕೆಡಿಸುತ್ತದೆ. (ಇಲ್ಲಿರುವ ಕನ್ನಡಿಗರಿಗಾಗಿ ಒಂದು ಮಾತು: ಎಚ್-1ಬಿಯಂಥ ತಾತ್ಕಾಲಿಕ ವೀಸಾದ ಮೇಲೆ ಇರುವವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ, ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ಸ್ನೇಹಿತರು ಗ್ರೀನ್ ಕಾರ್ಡ್ ಬಂದ ಮೇಲೆಯೇ ರೈಫಲ್ ಕೊಂಡವರು.)

ರಿಮ್‌ಫೈರ್ (ಅಂಚಿನಲ್ಲಿ ಸಿಡಿಮದ್ದಿರುವ) ಬಗೆಯದಾದ .22 ತೋಟೆ ಏಕೆ ಕೈಕೊಡುತ್ತದೆ ಎಂಬುದಕ್ಕೆ ಅದರ ರಚನೆಯಲ್ಲೇ ಉತ್ತರವಿದೆ. ದೊಡ್ಡ ರೈಫಲ್ಲುಗಳ ಸೆಂಟರ್‌ಫೈರ್ ತೋಟೆಯಲ್ಲಿ ತಳದ ನಡುಮಧ್ಯಕ್ಕೆ ಪ್ರೈಮರ್ ಎಂಬ ಪುಟ್ಟ ಬಟ್ಟಲನ್ನು ಪ್ರತ್ಯೇಕವಾಗಿ ತಯಾರಿಸಿ ಕೂರಿಸಿರುತ್ತಾರೆ. ರಿಮ್‌ಫೈರ್‌ನಲ್ಲಿ ಹಾಗಿಲ್ಲ. ತೆಳುವಾದ ಹಿತ್ತಾಳೆ ಚಿಪ್ಪಿನ ತಳವನ್ನು ಹೊರಕ್ಕೆ ಮಡಿಚಿ ಮಾಡಿದ ಟೊಳ್ಳು ಅಂಚಿನೊಳಗೆ, ಲೆಡ್ ಸ್ಟಿಫ್ನೇಟ್ ಆಧಾರದ ಸಿಡಿಮದ್ದನ್ನು ಒದ್ದೆಯಿರುವಾಗಲೇ ಹಾಕಿ, ಚಿಪ್ಪನ್ನು ರಭಸವಾಗಿ ತಿರುಗಿಸಿ ಅದು ಅಂಚಿನ ಸುತ್ತಲೂ ಹರಡುವಂತೆ ಮಾಡಿ ಒಣಗಿಸುತ್ತಾರೆ. ಫೈರಿಂಗ್ ಪಿನ್ ಅಂಚಿನ ಒಂದೇ ಒಂದು ಜಾಗವನ್ನು ಜಜ್ಜುತ್ತದೆ. ಆ ಜಾಗದಲ್ಲಿ ಸಿಡಿಮದ್ದು ಇದ್ದರೆ ಈಡು, ಇಲ್ಲದಿದ್ದರೆ ‘ಟಕ್’. ಸ್ಮಿತ್ ಆಂಡ್ ವೆಸ್ಸನ್ 1857ರಲ್ಲಿ .22 ಶಾರ್ಟ್ ತೋಟೆಯನ್ನು ತಂದಾಗಿನಿಂದ, 1887ರಲ್ಲಿ ಸ್ಟೀವನ್ಸ್ ಕಂಪನಿ .22 ಲಾಂಗ್ ರೈಫಲ್ ರೂಪಿಸಿದ ಮೇಲೂ, ಈ ಮೂಲತತ್ವ ಬದಲಾಗಿಲ್ಲ. ಅಗ್ಗವಾಗಿ ಕೋಟಿಗಟ್ಟಲೆ ತಯಾರಿಸಲು ಅನುಕೂಲವಾದದ್ದೂ ಇದೇ ರಚನೆ, ಆಗೊಮ್ಮೆ ಈಗೊಮ್ಮೆ ಸಿಡಿಯದೆ ಉಳಿಯುವುದಕ್ಕೆ ಎಡೆ ಮಾಡಿಕೊಡುವುದೂ ಇದೇ ರಚನೆ. ಸೆಂಟರ್‌ಫೈರ್‌ನಲ್ಲಿ ಹವ್ಯಾಸಿಗಳು ಖಾಲಿ ಚಿಪ್ಪಿಗೆ ಹೊಸ ಪ್ರೈಮರ್ ಕೂರಿಸಿ ಮನೆಯಲ್ಲೇ ತೋಟೆ ತುಂಬಿಕೊಳ್ಳುವಂತೆ ಇಲ್ಲಿ ಮಾಡಲಾಗದು. ಕಾರ್ಖಾನೆ ಕೊಟ್ಟದ್ದನ್ನೇ ಆರಿಸಿಕೊಳ್ಳಬೇಕು.

ಇನ್ನು ರೈಫಲಿನ ಕಡೆಯಿಂದ. 10/22ರಂಥ ಅರೆ-ಸ್ವಯಂಚಾಲಿತ (ಪ್ರತಿ ಈಡಿನ ಬಳಿಕ ಮುಂದಿನ ತೋಟೆಯನ್ನು ತಾನೇ ತುಂಬಿಕೊಳ್ಳುವ) ರೈಫಲಿನಲ್ಲಿ ಬೋಲ್ಟನ್ನು ಹಿಂದಕ್ಕೆ ದೂಡುವುದು ಸಿಡಿದ ಚಿಪ್ಪೇ. ಅದಕ್ಕೆ ಸಾಕಷ್ಟು ಬಲ ಸಿಗದಿದ್ದರೆ ಬೋಲ್ಟು ಅರ್ಧ ದಾರಿಗೆ ಬಂದು ಮರಳುತ್ತದೆ, ಚಿಪ್ಪು ಸಿಕ್ಕಿಬೀಳುತ್ತದೆ. ಒಂದೊಂದೇ ತೋಟೆಯನ್ನು ಕೈಯಿಂದ ಬೋಲ್ಟೆಳೆದು ಹಾಕುವ ರೈಫಲಿಗೆ ಈ ತಾಪತ್ರಯವಿಲ್ಲ. ಹಾಗಾಗಿ ಒಬ್ಬರ ಬೋಲ್ಟ್ ಆಕ್ಷನ್ ರೈಫಲಿನಲ್ಲಿ ಅಮೃತದಂತೆ ನಡೆದ ತೋಟೆ ಇನ್ನೊಬ್ಬರ ಅರೆ-ಸ್ವಯಂಚಾಲಿತ ರೈಫಲಿನಲ್ಲಿ ಮುಷ್ಕರ ಹೂಡಬಹುದು.

ಸ್ನೇಹಿತರ ಮನೆಯ ಗ್ಯಾರೇಜಿನಲ್ಲಿ ತೋಟೆಗಳನ್ನು ಇಟ್ಟಿದ್ದ ಬಗೆಯನ್ನು ನೋಡಿದಾಗ ತೊಡಕಿನ ಒಂದು ಎಳೆ ಸಿಕ್ಕಿತು. ಅಲ್ಲಿದ್ದದ್ದು ದೊಡ್ಡದೊಂದು ಹಾರ್ಲಿಕ್ಸ್ ಬಾಟಲಿ. ಅಂಗಡಿಯಿಂದ ತಂದ ಬಲ್ಕ್ ಪೆಟ್ಟಿಗೆಯ (ನೂರಾರನ್ನು ಒಟ್ಟಿಗೆ ತುಂಬಿ ಅಗ್ಗವಾಗಿ ಮಾರುವ) ತೋಟೆಗಳ ಜೊತೆಗೆ, ಕೆಲಸ ಬಿಟ್ಟು ಊರು ಬದಲಿಸಿದ ಸಹೋದ್ಯೋಗಿಯೊಬ್ಬರು ಕೊಟ್ಟುಹೋಗಿದ್ದ ಹಳೆಯ ತೋಟೆಗಳನ್ನೂ ಅದಕ್ಕೇ ಸುರಿದು, ರಟ್ಟಿನ ಪೆಟ್ಟಿಗೆಗಳನ್ನು ಎಸೆದಿದ್ದರು. ಆ ಹಳೆಯ ದಾಸ್ತಾನು 2013ರ ಕೊರತೆಯ ಕಾಲದ್ದಂತೆ. ಆಗ ಅಮೆರಿಕದ ಅಂಗಡಿಗಳಲ್ಲಿ .22 ತೋಟೆ ಸಿಗುವುದೇ ದುಸ್ತರವಾಗಿ ಜನ ಕಂಡದ್ದನ್ನೆಲ್ಲ ಕೊಂಡು ಕೂಡಿಟ್ಟಿದ್ದರು. ಟೆಕ್ಸಾಸ್ ಗ್ಯಾರೇಜಿನ ಬೇಸಿಗೆಗಳನ್ನು ಸಾಲಾಗಿ ಕಂಡ ಸರಕು ಅದು. ಅದು ಹಳೆಯದೆಂಬುದಕ್ಕಿಂತ ಹೊಸದರ ಜೊತೆ ಬೆರೆತುಹೋಗಿದೆ ಎಂಬುದೇ ನನಗೆ ಹೆಚ್ಚಿನ ತೊಂದರೆಯಾಗಿ ಕಂಡಿತು. ಬೆರೆಸಿದ ರಾಶಿಯಿಂದ ಹಾರಿಸಿದಾಗ ಕೈಕೊಟ್ಟ ತೋಟೆ ಯಾವುದೆಂದು ಹೇಳಲು ಆಧಾರವೇ ಇರುವುದಿಲ್ಲ. ಪೆಟ್ಟಿಗೆಯ ಮೇಲೋ ಒಳಮಡಿಕೆಯಲ್ಲೋ ಅಚ್ಚಾಗಿರುವ ಲಾಟ್ ಸಂಖ್ಯೆ (ಒಂದೇ ಸಲಕ್ಕೆ ತಯಾರಾದ ಸರಕಿನ ಗುರುತು) ಕೈಬಿಟ್ಟುಹೋದರೆ, ತಯಾರಕರು ಯಾವುದಾದರೂ ಲಾಟನ್ನು ದೋಷಪೂರಿತವೆಂದು ವಾಪಸ್ ಕರೆದಾಗಲೂ ಅದು ನಮ್ಮ ಬಳಿ ಇದೆಯೋ ಇಲ್ಲವೋ ತಿಳಿಯದು.

ಅದೃಷ್ಟಕ್ಕೆ ತೋಟೆಯ ತಳದಲ್ಲಿ ತಯಾರಕರ ಅಚ್ಚು ಇರುತ್ತದೆ. ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹರಡಿ, ಭೂತಗನ್ನಡಿ ಹಿಡಿದು, ಅಚ್ಚಿನ ಗುರುತು ನೋಡಿ ಎರಡು ರಾಶಿ ಮಾಡಿದೆವು. ಹೊಸದರ ಗುಂಡಿಗೆ ತಾಮ್ರದ ತೆಳು ಲೇಪ, ಹಳೆಯದರದ್ದು ಬರಿಯ ಸೀಸ. ಸೀಸದ ಗುಂಡಿನ ಮೇಲೆ ಬಳಿದಿದ್ದ ಮೇಣ ಕರಗಿ ಮತ್ತೆ ಗಟ್ಟಿಯಾಗಿ, ಧೂಳು ಹಿಡಿದು ಬೂದುಬಣ್ಣಕ್ಕೆ ತಿರುಗಿತ್ತು. ಕೆಲವು ಗುಂಡುಗಳು ಬೆರಳಿನಲ್ಲಿ ಹಿಡಿದು ತಿರುವಿದರೆ ಚಿಪ್ಪಿನ ಬಾಯಲ್ಲಿ ಅಲುಗಾಡುತ್ತಿದ್ದವು. ಬಾಟಲಿಯಲ್ಲಿ ಒಂದರ ಮೇಲೊಂದು ಉರುಳಾಡಿದ್ದರ ಫಲ. ಅಲುಗಾಡುವುದನ್ನೂ ಚಿಪ್ಪು ತಗ್ಗಾದದ್ದನ್ನೂ ಅಲ್ಲೇ ಪಕ್ಕಕ್ಕೆ ತೆಗೆದೆವು.

ರೇಂಜಿನಲ್ಲಿ ಮೊದಲು ಮಾಡಿದ ಕೆಲಸ ರೈಫಲಿಗೆ ಕೈ ಹಾಕದೆ, ಅದು ಇದ್ದ ಸ್ಥಿತಿಯಲ್ಲೇ ಎರಡೂ ರಾಶಿಗಳನ್ನು ಬೇರೆಬೇರೆಯಾಗಿ ಹಾರಿಸಿದ್ದು. ಸಿಡಿಯದ ಪ್ರತಿ ತೋಟೆಗೂ ನಿಯಮ ಒಂದೇ: ನಳಿಕೆಯನ್ನು ಗುರಿಯತ್ತಲೇ ಇಟ್ಟುಕೊಂಡು ಕನಿಷ್ಠ ಮೂವತ್ತು ಸೆಕೆಂಡು ಕಾಯಬೇಕು, ಏಕೆಂದರೆ ತಡವಾಗಿ ಸಿಡಿಯುವ ತೋಟೆಯೂ ಉಂಟು. ಆಮೇಲೆ ಬೋಲ್ಟೆಳೆದು ಹೊರಗೆ ತೆಗೆದು, ಪಿನ್ ಜಜ್ಜಿದ ಗುರುತಿನ ಪಕ್ಕ ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕೆ ಇಟ್ಟೆವು. ಮಗಳು ಆ ಚುಕ್ಕೆಯಿಟ್ಟ ತೋಟೆಗಳ ಸಾಲನ್ನು ನೋಡಿ, “ಅಂಕಲ್, ಎಲ್ಲಾ ಠುಸ್ ಪಟಾಕಿ” ಎಂದಳು. ಆದರೆ ಠುಸ್ ಆದದ್ದರಲ್ಲೂ ಬಗೆಗಳಿವೆ, ಮತ್ತು ಈ ಪ್ರಕರಣದ ಗಂಟು ಬಿಚ್ಚಿದ್ದು ಆ ಬಗೆಗಳನ್ನು ವಿಂಗಡಿಸಿದ್ದರಿಂದ.

ಚುಕ್ಕೆಯಿಟ್ಟ ತೋಟೆಯನ್ನು ಸ್ವಲ್ಪ ತಿರುಗಿಸಿ, ಪಿನ್ ಅಂಚಿನ ಬೇರೊಂದು ಜಾಗಕ್ಕೆ ಬೀಳುವಂತೆ ಮತ್ತೆ ಚೇಂಬರಿಗೆ (ನಳಿಕೆಯ ಹಿಂತುದಿಯಲ್ಲಿ ತೋಟೆ ಕೂರುವ ಕುಳಿಗೆ) ಹಾಕಿದಾಗ ಅದು ಸಿಡಿದರೆ, ಅಂಚಿನ ಒಂದು ಭಾಗದಲ್ಲಿ ಸಿಡಿಮದ್ದು ಹರಡಿಲ್ಲ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಈ ತೀರ್ಮಾನ ಅರ್ಧ ಮಾತ್ರ ಸರಿ. ಚೇಂಬರಿನಲ್ಲಿ ಮಸಿ ಮತ್ತು ಮೇಣ ಕಟ್ಟಿಕೊಂಡು ತೋಟೆ ಪೂರ್ತಿ ಒಳಗೆ ಕೂರದೆ ಕೂದಲೆಳೆಯಷ್ಟು ಹೊರಗೆ ನಿಂತಿದ್ದರೂ, ಪಿನ್ನಿನ ಮೊದಲ ಏಟಿನ ಬಲವೆಲ್ಲ ತೋಟೆಯನ್ನು ಒಳಕ್ಕೆ ತಳ್ಳುವುದರಲ್ಲೇ ವ್ಯಯವಾಗಿ, ಎರಡನೆಯ ಏಟಿಗೆ ಅದು ಸಿಡಿಯುತ್ತದೆ. ಎರಡು ಕಾರಣಗಳೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ. ಬೇರ್ಪಡಿಸುವುದಕ್ಕೆ ಮೊದಲ ಏಟಿನ ತಗ್ಗನ್ನು ನೋಡಬೇಕು: ತಗ್ಗು ಆಳವಾಗಿದ್ದು ಸಿಡಿಯದಿದ್ದರೆ ತೋಟೆಯ ದೋಷ, ತಗ್ಗು ಮೇಲುಮೇಲಕ್ಕಿದ್ದರೆ ತೋಟೆ ಸರಿಯಾಗಿ ಕೂತಿಲ್ಲ ಇಲ್ಲವೇ ಪಿನ್ ದುರ್ಬಲವಾಗಿದೆ. ಹೋಲಿಸುವಾಗ ಸಿಡಿಯದ ತೋಟೆಯನ್ನು ಸಿಡಿಯದ ತೋಟೆಯ ಜೊತೆಗೇ ಹೋಲಿಸಬೇಕು. ಸಿಡಿದ ಚಿಪ್ಪಿನ ತಗ್ಗು ಒಳಗಿನ ಒತ್ತಡಕ್ಕೆ ಆಕಾರ ಬದಲಿಸಿರುತ್ತದೆ.

ಹೊಸ ರಾಶಿಯಲ್ಲಿ ಕೈಕೊಟ್ಟವುಗಳ ತಗ್ಗು ಬಹುತೇಕ ಮೇಲುಮೇಲಕ್ಕಿತ್ತು, ಅವೆಲ್ಲ ಎರಡನೆಯ ಏಟಿಗೆ ಸಿಡಿದವು. ಹಳೆಯ ರಾಶಿಯಲ್ಲಿ ತಗ್ಗು ಆಳವಾಗಿಯೇ ಇತ್ತು. ಕೆಲವು ಜಾಗ ಬದಲಿಸಿದ ಮೇಲೆ ಸಿಡಿದವು, ಕೆಲವು ಮೂರು ಕಡೆ ಜಜ್ಜಿದರೂ ಮಿಸುಕಲಿಲ್ಲ. ಪಕ್ಕದ ಬೆಂಚಿನವರ ಬೋಲ್ಟ್ ಆಕ್ಷನ್ ರೈಫಲಿನಲ್ಲಿ ಅವರ ಒಪ್ಪಿಗೆ ಪಡೆದು ಪ್ರಯತ್ನಿಸಿದಾಗಲೂ ಹಳೆಯ ರಾಶಿಯದ್ದು ಅದೇ ಹಾಡು. ಹಾಗಾಗಿ ಹಳೆಯದರ ದೋಷ ತೋಟೆಯದ್ದು, ಹೊಸದರ ದೋಷ ಚೇಂಬರಿನದ್ದು ಎಂದು ಸ್ಪಷ್ಟವಾಯಿತು. ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದದ್ದು ಹಳೆಯ ರಾಶಿಯ ಒಂದು ಈಡಿಗೆ. ಸದ್ದು ಮಾಮೂಲಿಗಿಂತ ಮೆತ್ತಗೆ, ‘ಪುಸಕ್’ ಎಂದಂತೆ ಬಂತು. ಕೂಡಲೇ ಹಾರಿಸುವುದನ್ನು ನಿಲ್ಲಿಸಿ, ರೈಫಲನ್ನು ಖಾಲಿ ಮಾಡಿ, ನಳಿಕೆಯೊಳಗೆ ರಾಡ್ ಹಾಕಿ ನೋಡಿದೆವು; ಗುಂಡು ಹೊರಗೆ ಹೋಗಿತ್ತು. ನಳಿಕೆಯಲ್ಲೇ ಉಳಿದಿದ್ದು ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದ್ದರೆ ನಳಿಕೆ ಊದಿಕೊಳ್ಳುವ ಇಲ್ಲವೇ ಸೀಳುವ ಅಪಾಯವಿತ್ತು. ಹಳೆಯ ರಾಶಿಯ ಕಥೆಯನ್ನು ಅಲ್ಲಿಗೇ ಮುಗಿಸಿ, ಉಳಿದದ್ದನ್ನೂ ಸಿಡಿಯದವನ್ನೂ ರೇಂಜಿನವರು ಕೈಕೊಟ್ಟ ತೋಟೆಗಳಿಗೆಂದೇ ಇಟ್ಟ ಡಬ್ಬಕ್ಕೆ ಒಪ್ಪಿಸಿದೆವು. ಮನೆಯ ಕಸಕ್ಕೆ ಎಸೆಯುವ ವಸ್ತು ಅದಲ್ಲ.

ಚೇಂಬರ್ ಶುಚಿ ಮಾಡುವುದು ಅರ್ಧ ಗಂಟೆಯ ಕೆಲಸ. 10/22ರ ರಿಸೀವರ್ (ಬೋಲ್ಟನ್ನು ಒಳಗಿಟ್ಟುಕೊಂಡ ಚೌಕಟ್ಟು) ಹಿಂಬದಿ ಮುಚ್ಚಿರುವುದರಿಂದ ಬಿಚ್ಚದೆ ಶುಚಿ ಮಾಡುವವರು ರಾಡನ್ನು ನಳಿಕೆಯ ಮುಂಬಾಯಿಂದಲೇ ಹಾಕಬೇಕಾಗುತ್ತದೆ. ಬಾಯಿಯ ಅಂಚು ಸವೆದರೆ ಗುರಿ ಕೆಡುತ್ತದೆಂದು ಪ್ಲಾಸ್ಟಿಕ್ ಗೈಡ್ ಬಳಸಿದೆವು. ಸಾಲ್ವೆಂಟ್ ನೆನೆಸಿ ಕಂಚಿನ ಬ್ರಷ್‌ನಿಂದ ಉಜ್ಜಿದಾಗ, ಚಿಪ್ಪಿನ ಬಾಯಿ ಬಂದು ನಿಲ್ಲುವ ಜಾಗದಿಂದ ಕಪ್ಪು ಪದರ ಹಕ್ಕಳೆಯಂತೆ ಎದ್ದು ಬಂತು. ಎಕ್ಸ್‌ಟ್ರಾಕ್ಟರಿನ ಕೊಕ್ಕೆಯಡಿ ಸಿಕ್ಕಿಕೊಂಡಿದ್ದ ಮಸಿಯನ್ನು ಹಲ್ಲುಕಡ್ಡಿಯಿಂದ ತೆಗೆದೆವು. ಹೊಸ ರಾಶಿಯನ್ನು ಮತ್ತೆ ಹಾರಿಸಿದಾಗ ಸಿಡಿಯದಿರುವುದು ತೀರಾ ವಿರಳವಾಯಿತು. ಯಾವ ಬಿಡಿಭಾಗವನ್ನೂ ಬದಲಿಸಬೇಕಾಗಿ ಬರಲಿಲ್ಲ.

ಆದರೂ ಚಿಪ್ಪು ಸಿಕ್ಕಿಕೊಳ್ಳುವ ದೂರು ಪೂರ್ತಿ ನಿಂತಿರಲಿಲ್ಲ. ವಿಚಾರಿಸಿದಾಗ ತಿಳಿದದ್ದು, ಮಗಳ ಕಿವಿಗೆ ಸದ್ದು ಕಡಿಮೆಯಾಗಲೆಂದು ಸ್ನೇಹಿತರು ಆಗಾಗ ಸ್ಟ್ಯಾಂಡರ್ಡ್ ವೆಲಾಸಿಟಿ (ಸಾಧಾರಣ ವೇಗದ) ತೋಟೆಯನ್ನೂ ಬಳಸುತ್ತಿದ್ದರು. 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 1070 ಅಡಿ ವೇಗದಲ್ಲಿ ದೂಡುವ ತೋಟೆ ಅದು. ಅನೇಕ 10/22ಗಳಲ್ಲಿ ಅದು ನಡೆಯುತ್ತದೆ. ಈ ರೈಫಲಿನಲ್ಲಿ ಶುಚಿ ಮಾಡಿದ ಮೇಲೂ ಅಷ್ಟಕ್ಕಷ್ಟೇ ನಡೆಯುತ್ತಿತ್ತು, ಸ್ವಲ್ಪ ಮಸಿ ಕಟ್ಟಿದೊಡನೆ ಬೋಲ್ಟು ಅರ್ಧಕ್ಕೇ ಮರಳುತ್ತಿತ್ತು. ಸೆಕೆಂಡಿಗೆ 710 ಅಡಿಯ ‘ಕ್ವಯಟ್’ ಬಗೆಯ ತೋಟೆಗಳಂತೂ ಇಂಥ ರೈಫಲಿನ ಬೋಲ್ಟನ್ನು ತಾವಾಗಿ ನಡೆಸುವುದಕ್ಕೆ ತಯಾರಾದವೇ ಅಲ್ಲ. ಕಿವಿಯ ಚಿಂತೆಗೆ ಕಿವಿ ರಕ್ಷಕವೇ ಉತ್ತರ, ತೋಟೆಯಲ್ಲ.

ಹೀಗಾಗಿ ಹುಡುಕಬೇಕಾದ ತೋಟೆಯ ಲಕ್ಷಣ ತಾನಾಗಿಯೇ ನಿಚ್ಚಳವಾಯಿತು: 40 ಗ್ರೇನ್ ತೂಕ, ಹೈ ವೆಲಾಸಿಟಿ (ಹೆಚ್ಚು ವೇಗ), ಉರುಟು ಮೂತಿ, ಲೇಪವಿರುವ ಗುಂಡು, ಮತ್ತು ಒಂದಕ್ಕೊಂದು ತಗಲದಂತೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಜೋಡಿಸಿದ ಪ್ಯಾಕಿಂಗ್. ಉರುಟು ಮೂತಿ ಚೇಂಬರಿಗೆ ಜಾರುವುದು ಸಲೀಸು. ಲೇಪವಿದ್ದರೆ ಮೇಣ ಮತ್ತು ಸೀಸ ಕಟ್ಟುವುದು ಕಡಿಮೆ. ಐಡಾಹೊ ರಾಜ್ಯದ ಲೂಯಿಸ್ಟನ್‌ನಲ್ಲಿ ತಯಾರಾಗುವ ಸಿಸಿಐ ಕಂಪನಿಯ ಮಿನಿ-ಮ್ಯಾಗ್ (40 ಗ್ರೇನ್, ಸೆಕೆಂಡಿಗೆ 1235 ಅಡಿ) ಈ ಲಕ್ಷಣಗಳಿಗೆ ಹೊಂದುತ್ತದೆ; ಇನ್ನೂ ಎರಡು ತಯಾರಕರ ಅಂಥದೇ ತೋಟೆಗಳನ್ನು ಜೊತೆಗೆ ತಂದೆವು. ಎಲ್ಲಕ್ಕೂ ಮುಂಚೆ ಒಂದೇ ರೀತಿ ಶುಚಿ ಮಾಡಿದ ರೈಫಲು, ಒಂದೇ ಮ್ಯಾಗಜೀನು. ಬೇರೆ ಮ್ಯಾಗಜೀನ್ ಬಳಸಿದರೆ ಕೈಕೊಟ್ಟದ್ದು ಅದರ ಸ್ಪ್ರಿಂಗೋ ತೋಟೆಯೋ ಎಂಬ ಹೊಸ ಗೊಂದಲ.

ಎಷ್ಟು ಹಾರಿಸಿದರೆ ನಂಬಬಹುದು ಎಂಬ ಪ್ರಶ್ನೆಗೆ ಹೆಚ್ಚಿನವರು ಕೊಡುವ ಉತ್ತರ ‘ಒಂದು ಪೆಟ್ಟಿಗೆ’. ಲೆಕ್ಕ ಇದನ್ನು ಒಪ್ಪುವುದಿಲ್ಲ. ಒಂದೂ ಕೈಕೊಡದೆ ಇಷ್ಟು ತೋಟೆ ಹಾರಿತು ಎಂದಾಗ, ಮೂರನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬರುವುದು ವೈಫಲ್ಯದ ಪ್ರಮಾಣಕ್ಕೆ ಶೇ 95ರ ವಿಶ್ವಾಸದಲ್ಲಿ ಹಾಕಬಹುದಾದ ಮೇಲ್ಮಿತಿ. ಐವತ್ತರ ಪೆಟ್ಟಿಗೆ ನಿರಾತಂಕವಾಗಿ ಮುಗಿದರೆ ಹೇಳಬಹುದಾದದ್ದು ‘ನೂರಕ್ಕೆ ಆರಕ್ಕಿಂತ ಕಡಿಮೆ’ ಎಂದಷ್ಟೇ. ನೂರಕ್ಕೆ ಆರು ಕೈಕೊಡುವ ತೋಟೆಯನ್ನು ಯಾರೂ ಇಷ್ಟಪಡುವುದಿಲ್ಲ. ಮುನ್ನೂರು ಮುಗಿದರೆ ನೂರಕ್ಕೆ ಒಂದು. ಆದ್ದರಿಂದ ಪ್ರತಿ ಬಗೆಯಲ್ಲೂ ಮೊದಲು ಐವತ್ತು ಹಾರಿಸಿ, ಎರಡಕ್ಕಿಂತ ಹೆಚ್ಚು ಕೈಕೊಟ್ಟದ್ದನ್ನು ಅಲ್ಲೇ ಬಿಟ್ಟು, ಉಳಿದದ್ದನ್ನು ಮಾತ್ರ ಮುನ್ನೂರರವರೆಗೆ ಒಯ್ಯುವ ಕ್ರಮ ಇಟ್ಟುಕೊಂಡೆವು. ಕೊನೆಗೆ ಮಿನಿ-ಮ್ಯಾಗ್ ಒಂದೂ ಕೈಕೊಡದೆ ಮುನ್ನೂರು ದಾಟಿತು. ಇದು ಆ ಲಾಟ್ ಆ ರೈಫಲಿನಲ್ಲಿ ನಡೆದ ಬಗೆಯಷ್ಟೇ ಹೊರತು ಜಗತ್ತಿನ ಎಲ್ಲ ರೈಫಲುಗಳಿಗೆ ಬರೆದ ಪ್ರಮಾಣಪತ್ರವಲ್ಲ.

ಬೆಲೆಯ ಮಾತಿಗೆ ಬಂದರೆ, ಆಗ ಬಲ್ಕ್ ತೋಟೆ ಒಂದಕ್ಕೆ ಐದಾರು ಸೆಂಟಿದ್ದರೆ ಇಂಥದ್ದಕ್ಕೆ ಎಂಟು ಹತ್ತು ಸೆಂಟಿತ್ತು. ಸ್ಪರ್ಧೆಗೆಂದು ಮಾಡಿದ ತೋಟೆಗಳಿಗೆ ಇಪ್ಪತ್ತಕ್ಕೂ ಮೇಲೆ. ಸ್ನೇಹಿತರಿಗೆ ಮೊದಲು ಆ ದುಬಾರಿ ತೋಟೆಗಳ ಕಡೆಗೇ ಒಲವಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಇಲೀ, ಜರ್ಮನಿಯ ಶೋನೆಬೆಕ್‌ನಲ್ಲಿ ತಯಾರಾಗುವ ಎಸ್‌ಕೆ ಮತ್ತು ಲಾಪುವಾ ತೋಟೆಗಳು ನಿಖರತೆಯಲ್ಲಿ ಮೇಲುಗೈ ಎಂಬುದರಲ್ಲಿ ಎರಡು ಮಾತಿಲ್ಲ. ಸ್ಪರ್ಧಿಗಳು ತಮ್ಮ ರೈಫಲನ್ನೇ ಒಯ್ದು ಲಾಟ್ ಲಾಟ್ ಪರೀಕ್ಷಿಸಿ ಕೊಳ್ಳುತ್ತಾರೆ. ಅವು ಹೆಚ್ಚಾಗಿ ಶಬ್ದದ ವೇಗಕ್ಕಿಂತ ಕೆಳಗಿರುವುದಕ್ಕೂ ಕಾರಣವಿದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1125 ಅಡಿ ಚಲಿಸುತ್ತದೆ, ಹೈ ವೆಲಾಸಿಟಿ ಗುಂಡು ಐವತ್ತು ಗಜದ ಆಸುಪಾಸಿನಲ್ಲಿ ಆ ಗಡಿಯನ್ನು ಮೇಲಿಂದ ಕೆಳಕ್ಕೆ ದಾಟುವಾಗ ಅದರ ಹಾದಿ ಕಲಕುತ್ತದೆ. ಆದರೆ ಅದೇ ಕಡಿಮೆ ವೇಗ ಈ ರೈಫಲಿನ ಬೋಲ್ಟಿಗೆ ಆಗಿಬರದು. ಐವತ್ತು ಗಜದಲ್ಲಿ ಅಂಗೈಯಗಲದ ಲೋಹದ ತಟ್ಟೆಗೆ ಹೊಡೆದು ‘ಟಣ್’ ಎನಿಸುವುದಷ್ಟೇ ಗುರಿಯಾಗಿರುವಾಗ, ಕಾಗದದ ಮೇಲೆ ಕಾಲಿಂಚು ಉಳಿಸುವುದಕ್ಕಾಗಿ ಎರಡು ಪಟ್ಟಿಗೂ ಹೆಚ್ಚು ಹಣ ಕೊಟ್ಟು ಬೋಲ್ಟ್ ಸಿಕ್ಕಿಸಿಕೊಳ್ಳುವುದು ನನ್ನ ಮಟ್ಟಿಗೆ ವಿವೇಕವಲ್ಲ.

ಶುಚಿ ಮಾಡಿದ ಮೇಲೆ ಉಳಿದ ಬಲ್ಕ್ ತೋಟೆಗಳಿಗೂ ಒಂದು ಕೆಲಸ ಸಿಕ್ಕಿತು. ಈಡು ಹಾರದೆ ‘ಟಕ್’ ಎಂದ ಕ್ಷಣದಲ್ಲಿ ಮಗಳು ಹಿಡಿದ ರೈಫಲಿನ ನಳಿಕೆ ಕೆಳಕ್ಕೆ ಕುಕ್ಕುವುದು ಎಲ್ಲರಿಗೂ ಕಾಣುತ್ತಿತ್ತು. ಒದೆತ ಬರುವುದೆಂದು ಮೈ ಮೊದಲೇ ಬಿಗಿಯುವುದರ ಗುರುತು ಅದು. ಈಡು ಹಾರಿದಾಗ ಸದ್ದಿನಲ್ಲಿ ಅದು ಮುಚ್ಚಿಹೋಗುತ್ತದೆ. ಆಗೊಮ್ಮೆ ಈಗೊಮ್ಮೆ ಕೈಕೊಡುವ ತೋಟೆ ಆ ಅಭ್ಯಾಸವನ್ನು ತೋರಿಸಿಕೊಡುತ್ತದೆ. ಹಾಗಾಗಿ ಅಭ್ಯಾಸದ ಮೊದಲ ಭಾಗಕ್ಕೆ ಬಲ್ಕ್, ಗುರಿ ಎಣಿಸುವ ಭಾಗಕ್ಕೆ ಆರಿಸಿದ ತೋಟೆ ಎಂದು ಹಂಚಿಕೊಂಡರು. ಎರಡನ್ನೂ ಮುಟ್ಟಿದ ಮೇಲೆ ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯುವುದು ಕಡ್ಡಾಯ, ಸೀಸ ಬೆರಳಿಗೆ ಅಂಟಿಯೇ ಇರುತ್ತದೆ.

ಸ್ನೇಹಿತರು ಪರೀಕ್ಷೆಯಲ್ಲಿ ಗೆದ್ದ ಲಾಟ್ ಸಂಖ್ಯೆಯದ್ದೇ ದಾಸ್ತಾನು ಅಂಗಡಿಯಲ್ಲಿ ಇದ್ದಷ್ಟನ್ನು ಒಮ್ಮೆಲೇ ಕೊಂಡು, ಪೆಟ್ಟಿಗೆ ಬಿಚ್ಚದೆ, ಗ್ಯಾರೇಜಿನಿಂದ ಮನೆಯೊಳಗಿನ ತಂಪು ಕಪಾಟಿಗೆ ಸ್ಥಳಾಂತರಿಸಿ ಬೀಗ ಹಾಕಿದ್ದಾರೆ. ಲಾಟ್ ಬದಲಾದಾಗ ಮತ್ತೆ ಐವತ್ತು ಹಾರಿಸಿ ನೋಡುವುದು, ಐನೂರು ಈಡಿಗೊಮ್ಮೆ ಚೇಂಬರಿಗೆ ಬ್ರಷ್ ಹಾಕುವುದು ಎಂದು ಕಪಾಟಿನ ಬಾಗಿಲ ಒಳಬದಿಗೆ ಬರೆದು ಅಂಟಿಸಿಕೊಂಡಿದ್ದಾರೆ. ರೇಂಜಿಗೆ ಒಯ್ಯುವ ಚೀಲವನ್ನು ಊರಿನ ಪ್ರಯಾಣಕ್ಕೆ ಎಂದೂ ಬಳಸಬಾರದೆಂಬ ಸಾಲನ್ನು ನಾನು ಸೇರಿಸಿದೆ. .22 ತೋಟೆ ಕಿರುಬೆರಳಿನ ತುದಿಯಷ್ಟು ಚಿಕ್ಕದು, ಚೀಲದ ಹೊಲಿಗೆಯ ಮಡಿಕೆಯಲ್ಲಿ ತಿಂಗಳುಗಟ್ಟಲೆ ಅಡಗಿ ಕೂರುತ್ತದೆ. ಬೆಂಗಳೂರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಂಥ ಒಂದೇ ಒಂದು ಸಜೀವ ತೋಟೆ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು, ಗೊತ್ತಿಲ್ಲದೆ ಉಳಿದುಹೋಗಿತ್ತೆಂದು ವಿವರಿಸುವ ಅವಕಾಶ ಆಮೇಲೆ ನ್ಯಾಯಾಲಯದಲ್ಲಿ.